ಕವರ್ ಬಿಚ್ಚದ ಲೈಫ್ ಜಾಕೆಟ್ಟು

ಜುಟ್ಟಣ್ಣ ಎಂಬ ಹುಂಜ ಭಾನುವಾರ ತನ್ನ ಪುಟ್ಟ ದೋಣಿ ಏರಿ ಕೆರೆ ಸುತ್ತಲು ಹೊರಟ. ಹೊಸದಾಗಿ ತಂದ ಲೈಫ್ ಜಾಕೆಟ್ಟು ದೋಣಿಯಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ಮದುಮಗನ ಹಾಗೆ ಕೂತಿತ್ತು. ಪಕ್ಕದಲ್ಲೇ ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನು.

“ಅಣ್ಣಾ, ದಡದಲ್ಲೇ ಜಾಕೆಟ್ ಹಾಕ್ಕೊಂಡ್ಬಿಡಿ,” ಎಂದಿತು ಕ್ಯಾನು.

“ಏಯ್, ಕವರ್ ಹರೀಬೇಡಿ! ಕೊಳೆಯಾಗ್ತೀನಿ,” ಎಂದಿತು ಜಾಕೆಟ್ಟು. “ಬೇಕಾದಾಗ ಬಿಚ್ಚಿದರಾಯ್ತು.”

“ನಿಜ ಕಣಪ್ಪ,” ಎಂದ ಜುಟ್ಟಣ್ಣ. “ನಮ್ಮನೆ ಸೋಫಾಗೂ ತಂದ ದಿನದ ಕವರೇ ಇದೆ. ಕೂತರೆ ಜಾರುತ್ತೆ, ಆದರೂ ಏನು ಹೊಳಪು ಅಂತೀಯ!”

ಕೆರೆಯ ನಡುವೆ ಗಾಳಿ ಎದ್ದು ದೋಣಿ ಮಗುಚಿತು. ಈಜು ಬಾರದ ಜುಟ್ಟಣ್ಣ ಜಾಕೆಟ್ಟನ್ನು ತಬ್ಬಿದ. ಒದ್ದೆ ಪ್ಲಾಸ್ಟಿಕ್ಕು ಥೇಟ್ ಸೋಫಾದಂತೆ ಜಾರಿತು. ಟೇಪಿನ ತುದಿ ಹುಡುಕಿದ. ಅದು ಮನೆಯಲ್ಲಿ ಕೂತು ಹುಡುಕಿದರೂ ಸಿಗಲ್ಲ, ಇನ್ನು ನೀರಲ್ಲಿ ಸಿಗುತ್ತಾ?

“ಉಗುರು ತಾಗಿಸಬೇಡಿ, ಗೀರು ಬೀಳುತ್ತೆ!” ಎಂದು ಜಾಕೆಟ್ಟು ಕಿರುಚಿತು.

ಜುಟ್ಟಣ್ಣ ನೀರು ಕುಡಿದು ಮುಳುಗುವಷ್ಟರಲ್ಲಿ ಎಣ್ಣೆ ಕ್ಯಾನು ತೇಲುತ್ತಾ ಬಂದು ತನ್ನ ಹಿಡಿಯನ್ನು ಅವನ ಕೊಕ್ಕಿಗೆ ಕೊಟ್ಟಿತು. ಅದನ್ನೇ ಕಚ್ಚಿಕೊಂಡು ದಡ ಸೇರಿದ. ಹಿಂದೆಯೇ ತೇಲಿ ಬಂದ ಜಾಕೆಟ್ಟು ಬೀಗಿತು: “ನೋಡಿದ್ರಾ, ನನಗೊಂದು ಹನಿಯೂ ತಾಗಿಲ್ಲ!”

ಜುಟ್ಟಣ್ಣ ಕೆಮ್ಮುತ್ತಲೇ ಕೊಕ್ಕಿನಿಂದ ಕವರನ್ನು ಪರ್ರನೆ ಹರಿದ. “ಉಪ್ಪು ಖಾರ ಒಂದು ಬಿದ್ದಿದ್ದರೆ ನಾನು ಕೋಳಿಸಾರೇ ಆಗ್ತಿದ್ದೆ ಕಣೋ!”

ಜಾಕೆಟ್ಟು ತೊಟ್ಟೇ ಮನೆಗೆ ಓಡಿದ. ಸೋಫಾದ ಕವರನ್ನೂ ಕಿತ್ತೆಸೆದು ಧೊಪ್ಪನೆ ಕೂತ.

ಜಾರಲಿಲ್ಲ.