ಪಾಳುಬಾವಿಗೆ ಇಳಿದ ತಮ್ಮ

“ಗುರುಗಳೇ, ಇಂಗ್ಲಿಷಿನಲ್ಲಿ ‘ಅಶ್ಯೂರ್’ ಎಂದೊಂದು ಪದವಿದೆ, ‘ಎನ್‌ಶೂರ್’ ಎಂದು ಇನ್ನೊಂದು. ನೋಡಲು ಅವಳಿಗಳ ಹಾಗಿವೆ. ಮೊದಲನೆಯದು ಭರವಸೆ ಕೊಡುವುದಂತೆ, ಎರಡನೆಯದು ಖಾತ್ರಿ ಮಾಡುವುದಂತೆ. ಭರವಸೆ ಕೊಟ್ಟ ಮೇಲೆ ಖಾತ್ರಿಯಾದ ಹಾಗೆಯೇ ಅಲ್ಲವೇ?” ಎಂದು ಶಿಷ್ಯ ಕೇಳಿದ.

“ನಿನ್ನ ಇಂಗ್ಲಿಷ್ ನನಗೆ ಬಾರದಪ್ಪ. ಬಾವಿಯ ಕತೆಯೊಂದು ಗೊತ್ತು, ಕೇಳು” ಎಂದರು ಗುರುಗಳು.

ಒಂದೂರಿನಲ್ಲಿ ಬಾವಿಯ ಹೂಳು ತೆಗೆಯುವ ಅಣ್ಣತಮ್ಮಂದಿರಿದ್ದರು. ತಬ್ಬಲಿ ತಮ್ಮನನ್ನು ಅಣ್ಣನೇ ಎತ್ತಿ ಆಡಿಸಿ ಬೆಳೆಸಿದ್ದ. ತಮ್ಮ ಕೆಳಗಿಳಿಯುವನು, ಅಣ್ಣ ಮೇಲೆ ನಿಂತು ಹಗ್ಗ ಹಿಡಿಯುವನು. ಇಳಿಯುವ ಮೊದಲು ಉರಿಯುವ ಲಾಟೀನನ್ನು ಬಾವಿಯ ತಳಕ್ಕೆ ಬಿಟ್ಟು ನೋಡುವುದು ಅವರ ಕಸುಬಿನ ಪದ್ಧತಿ. ಕೆಳಗೆ ಕೆಟ್ಟ ಗಾಳಿಯಿದ್ದರೆ ದೀಪ ಆರುತ್ತದೆ, ಆರಿದರೆ ಇಳಿಯಬಾರದು. ಆದರೆ ಅವರ ಲಾಟೀನು ಒಮ್ಮೆಯೂ ಆರಿರಲಿಲ್ಲ. ಆರದ ದೀಪವನ್ನು ಎಷ್ಟು ದಿನ ಅಂತ ನೋಡುವುದು? ಬರಬರುತ್ತಾ ಅಣ್ಣನಿಗೆ ಅದು ಬರೀ ಶಾಸ್ತ್ರವೆನಿಸಿತು.

ಒಮ್ಮೆ ದೂರದೂರಿನ ಪಾಳುಬಾವಿಗೆ ಕರೆ ಬಂತು. ಇಬ್ಬರೂ ಹೋದರು. ಜನ ಕಟ್ಟೆಯ ಸುತ್ತ ನೆರೆದಿದ್ದರು. ತಮ್ಮ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಬಗ್ಗಿ ನೋಡಿದ. ಯಾಕೋ ಅಳುಕಾಯಿತು.

“ಅಣ್ಣಾ, ಲಾಟೀನು ತಂದಿಲ್ಲವಲ್ಲೋ.”

ಅಷ್ಟು ದೂರ ಹಿಂದಿರುಗಲು ಅಣ್ಣನಿಗೆ ಬೇಸರ. ನೆರೆದವರ ಮುಂದೆ ನಾಚಿಕೆ ಬೇರೆ. ತಮ್ಮನ ಬೆನ್ನು ತಟ್ಟಿದ.

“ಮೇಲೆ ನಾನಿಲ್ಲವೇನೋ? ಪ್ರಾಣ ಹೋದರೂ ಹಗ್ಗ ಬಿಡೋನಲ್ಲ. ಇಳಿ, ನನ್ನಪ್ಪ.”

ಆ ಮಾತಿಗೆ ತಮ್ಮನ ಅಳುಕು ಹೋಯಿತು. ನಗುತ್ತಲೇ ಇಳಿದ.

ಸ್ವಲ್ಪ ಹೊತ್ತಿಗೆ ಕೆಳಗಿನ ದನಿ ನಿಂತಿತು. ಅಣ್ಣ ಕೂಗಿದ. ಅಂಗೈ ಸುಲಿದು ರಕ್ತ ಬರುವಂತೆ ಎಳೆದ. ಮೇಲೆ ಬಂದದ್ದು ಹೆಣ. ಮಣ್ಣು ಮಾಡಲು ಬಂದವರು ಎಷ್ಟು ಹೇಳಿದರೂ ಅವನು ಹಗ್ಗ ಬಿಡಲಿಲ್ಲ. ಬದುಕಿರುವಷ್ಟು ಕಾಲ ಅದನ್ನು ಎದೆಗವಚಿಕೊಂಡೇ ಮಲಗಿದ. ಅವನ ಸಂಕಟಕ್ಕೆ ಮದ್ದಿರಲಿಲ್ಲ.

“ಹಾಗಾದರೆ ಅಣ್ಣ ಕೊಟ್ಟ ಭರವಸೆ ಸುಳ್ಳೇ, ಗುರುಗಳೇ?” ಎಂದು ಶಿಷ್ಯ ಕೇಳಿದ.

“ಸುಳ್ಳಲ್ಲಪ್ಪ, ಕೊಟ್ಟ ಮಾತಿನಂತೆ ಹಗ್ಗ ಕೈಯಲ್ಲೇ ಇತ್ತು, ನಿನ್ನ ಎರಡನೆಯ ಪದ ಮಾತ್ರ ಮನೆಯ ಗೂಟದಲ್ಲಿ, ಎಣ್ಣೆ ತುಂಬಿಕೊಂಡು ನೇತಾಡುತ್ತಿತ್ತು.”