ಗೊರವಂಕ ಸಾರಿದ ಆಮಂತ್ರಣ

ಮಗಳ ಮೊದಲ ಹುಟ್ಟುಹಬ್ಬಕ್ಕೆ ಇಲಿಯಮ್ಮ ಗೊರವಂಕ ಹಕ್ಕಿಯನ್ನು ಕರೆದು ಹೇಳಿದಳು: "ಮರದ ತುದಿಯಲ್ಲಿ ಕೂತು ಆಮಂತ್ರಣ ಸಾರು. ನಮ್ಮ ಬಿಲದ ದಾರಿ ಹೇಳು. ನನ್ನ ಮಗಳು ಎಷ್ಟು ದುಂಡಗಿದ್ದಾಳೆ ಅನ್ನುವುದನ್ನೂ ಹೇಳು."

"ಕೇಳಿಸಿಕೊಳ್ಳುವವರೆಲ್ಲ ನೆಂಟರಲ್ಲ, ತಾಯಿ. ಮನೆಮನೆಗೆ ಹೋಗಿ ಕರೆಯಲೇ?" ಎಂದಿತು ಗೊರವಂಕ.

"ಹಾಗಾದರೆ ಕಾಡಿಗೆಲ್ಲ ತಿಳಿಯುವುದು ಹೇಗೆ?"

ಗೊರವಂಕ ಇಲಿಯಮ್ಮ ಹೇಳಿದಂತೆಯೇ ಸಾರಿತು. ಸಂಜೆಯಾದರೂ ಹಾಕಿದ ಎಲೆಗಳ ಮುಂದೆ ನೆಂಟರೊಬ್ಬರೂ ಬಂದು ಕೂರಲಿಲ್ಲ. ಕಡೆಗೆ ಹೆಬ್ಬಾವೊಂದು ನಿಧಾನವಾಗಿ ಬಂದು ಬಿಲದ ಬಾಯಲ್ಲಿ ತಲೆಯಿಟ್ಟಿತು. ಅದರ ಮೈ ಅಲ್ಲಲ್ಲಿ ಉಬ್ಬಿತ್ತು.

ಇಲಿಯಮ್ಮ ಮಗಳನ್ನು ಬೆನ್ನ ಹಿಂದೆ ಸರಿಸಿಕೊಂಡು ಕೇಳಿದಳು: "ನಮ್ಮಣ್ಣ, ಅತ್ತಿಗೆ, ಅವರ ಮಕ್ಕಳು ದಾರಿಯಲ್ಲಿ ಸಿಕ್ಕರೇ?"

"ಎಲ್ಲರೂ ಸಿಕ್ಕರು. ನನ್ನ ಜೊತೆಗೇ ಬಂದಿದ್ದಾರೆ," ಎಂದಿತು ಹೆಬ್ಬಾವು ಮೆಲ್ಲಗೆ. "ಮಗು ಎಲ್ಲಿ?"