ಹುಳಿ ನೀರು ಕುಡಿದ ಹುಂಜ

ಒಂದು ಕೋಳಿ ಶೆಡ್ಡಿನಲ್ಲಿ ದಪ್ಪನೆಯ ಹೇಂಟೆ ಮರಿಯೂ ಬಡಕಲು ಹುಂಜದ ಮರಿಯೂ ಜೊತೆಯಾಗಿ ಬೆಳೆಯುತ್ತಿದ್ದವು. ಹುಂಜದ ಮರಿಗೆ ಭೇದಿ ಹತ್ತಿ ಮೇವು ಸೇರದಾಯಿತು. ಮಾಲೀಕ ಕೋಳಿಗಳ ಕುಡಿಯುವ ನೀರಿಗೆ ಆಮ್ಲದ ಔಷಧ ಬೆರೆಸಿದ.

"ಹುಳಿ, ನನಗೆ ಬೇಡ" ಎಂದಿತು ಹುಂಜ.

"ಕುಡಿ ತಮ್ಮಾ, ಹೊಟ್ಟೆಯೊಳಗಿನ ಕ್ರಿಮಿಗಳಿಗೆ ಹುಳಿ ಆಗುವುದಿಲ್ಲ" ಎಂದು ಹೇಂಟೆ ದಿನವೂ ಅದನ್ನು ನೀರಿನ ಬಳಿಗೆ ತಳ್ಳಿಕೊಂಡು ಹೋಯಿತು. ವಾರದೊಳಗೆ ಭೇದಿ ನಿಂತಿತು. ಹುಂಜ ಮೈತುಂಬಿಕೊಂಡು, ತನ್ನ ಭಾರಕ್ಕೆ ತಾನೇ ಏದುಸಿರು ಬಿಡುವಂತಾಯಿತು.

ನಲವತ್ತನೆಯ ದಿನ ಮಾಂಸದಂಗಡಿಯ ಲಾರಿ ಬಂತು. ಆಳುಗಳು ತೂಕ ಬಂದ ಕೋಳಿಗಳನ್ನೆಲ್ಲ ಹಿಡಿದು ಕ್ರೇಟಿಗೆ ತುಂಬಿದರು. ಬಡಕಲು ಕೋಳಿಗಳನ್ನು ಮುಂದಿನ ವಾರಕ್ಕೆಂದು ಬಿಟ್ಟರು.

ಕ್ರೇಟಿನೊಳಗೆ ಪಕ್ಕದಲ್ಲಿದ್ದ ಹೇಂಟೆಯನ್ನು ಹುಂಜ ಕೇಳಿತು: "ಅಕ್ಕಾ, ಆ ನೀರು ಕುಡಿಯದೆ ಇದ್ದಿದ್ದರೆ ನಾನೂ ಶೆಡ್ಡಿನಲ್ಲೇ ಉಳಿಯುತ್ತಿದ್ದೆನೇ?"

"ಇಲ್ಲ. ನೀನು ಆ ವಾರವೇ ಸಾಯುತ್ತಿದ್ದೆ."

"ಲಾರಿ ಬರುವುದು ನಿನಗೆ ಗೊತ್ತಿತ್ತೇ?"

"ಗೊತ್ತಿರಲಿಲ್ಲ. ನಿನಗೆ ಹೊಟ್ಟೆನೋವು ಅನ್ನುವುದಷ್ಟೇ ಗೊತ್ತಿತ್ತು."

ಹುಂಜ ದಣಿದ ಕತ್ತನ್ನು ಅಕ್ಕನ ರೆಕ್ಕೆಯ ಮೇಲಿಟ್ಟು ಕಣ್ಣು ಮುಚ್ಚಿತು.